ಆಯಿಗೆ ಹುಲಿ ತೋರಿಸಲು ಹೋದದ್ದು

ಅಪ್ಪನ ತಾಯಿಯನ್ನು ನಾವೆಲ್ಲ ಆಯಿ ಎನ್ನುತ್ತಿದ್ದೆವು. ಆಯಿ ಸೋಮವಾರಕ್ಕೊಮ್ಮೆ ಮಠಕ್ಕೆ ಹೋಗಿ ಸ್ವಾಮಿಗಳಿಗೆ ಅಡ್ಡಬೀಳುತ್ತಿದ್ದಳು. ಸ್ವಾಮಿಗಳು ಹುಲಿಯ ಚರ್ಮದ ಮೇಲೆ ಕೂಡುತ್ತಿದ್ದರು. ಚರ್ಮಕ್ಕೆ ಬಾಯಿ ತೆರೆದ ತಲೆ, ತಲೆಗೆ ಎರಡು ಗಾಜಿನ ಕಣ್ಣು. ಹಣೆ ನೆಲಕ್ಕೆ ಹಚ್ಚಿದಾಗ ಆಯಿಯ ಮುಖದೆದುರು ಬರುತ್ತಿದ್ದುದು ಸ್ವಾಮಿಗಳ ಪಾದವಲ್ಲ, ಆ ಹುಲಿಯ ಮೂತಿ. ಮನೆಗೆ ಬಂದರೆ ದೇವರ ಕೋಣೆಯ ಕ್ಯಾಲೆಂಡರಿನಲ್ಲಿ ಶಿವನೂ ಅಂಥದರ ಮೇಲೆಯೇ ಕೂತಿದ್ದ.

"ಐವತ್ತು ವರ್ಷ ಆತು, ಬರೇ ಚರ್ಮಾ ನೋಡಾಕತ್ತೇನಿ," ಎನ್ನುತ್ತಿದ್ದಳು ಆಯಿ. "ಅದರಾಗ ಹುಲಿ ಇದ್ದಾಗ ಹ್ಯಾಂಗ ಕಾಣತೈತಿ, ಒಮ್ಮೆರ ನೋಡಬೇಕು."

ಇದನ್ನು ಯಾರೂ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಆಯಿ ಹಾಗೆ ಬಹಳ ಮಾತು ಆಡುತ್ತಿದ್ದಳು. ಆದರೆ ೧೯೬೦ರ ಆಚೀಚೆಯ ಒಂದು ವರ್ಷ, ನಾನು ವಿದ್ಯಾನಗರದ ಕಾಲೇಜಿಗೆ ಹೊಸದಾಗಿ ಸೇರಿ, ಮೇಲ್ದುಟಿಯ ಮೇಲೆ ಬಂದ ನಾಲ್ಕು ಕೂದಲನ್ನು ಮೀಸೆಯೆಂದು ನಂಬಿಕೊಂಡು ಓಡಾಡುತ್ತಿದ್ದಾಗ, ಕಣ್ಣಿನ ಡಾಕ್ಟರು ಆಯಿಯ ಎಡಗಣ್ಣಿನ ಪೊರೆ ಪೂರಾ ಬಲಿತಿದೆ ಎಂದರು. ಬಲಗಣ್ಣು ನಾನು ಹುಟ್ಟುವ ಮೊದಲೇ ಹೋಗಿತ್ತು. ಉಳಿದದ್ದು ಅದೊಂದೇ. ಶಿವರಾತ್ರಿ ಮುಗಿದ ಮೇಲೆ ಆಪರೇಷನ್ ಎಂದು ನಿಗದಿಯಾಯಿತು. ನಮ್ಮ ಓಣಿಯಲ್ಲೊಬ್ಬ ಮುದುಕಿ ಹಿಂದಿನ ವರ್ಷ ಹೀಗೇ ಪೊರೆ ತೆಗೆಸಿಕೊಳ್ಳಲು ಹೋಗಿ, ಇದ್ದ ಮಂಜು ನೋಟವನ್ನೂ ಕಳಕೊಂಡು ಬಂದಿದ್ದಳು. ಆಯಿ ಆಕೆಯನ್ನು ಮಾತಾಡಿಸಿಕೊಂಡು ಬಂದು, ಪಡಸಾಲೆಯ ನಡುವೆ ಕೂತು ಹೇಳಿದಳು.

"ನಾ ದವಾಖಾನಿಗೆ ಹೋಗತೇನಿ. ಆದರ ಅದಕ್ಕೂ ಮೊದಲ ನನಗ ಹುಲಿ ತೋರಸ್ರಿ. ಹುಲಿ ನೋಡಿದ ಮ್ಯಾಲೆ ಕಣ್ಣ ಇದ್ದರ ಇರಲಿ, ಹೋದರ ಹೋಗಲಿ."

ಕಾಕಾ ಎಲ್ಲರ ಮುಖ ನೋಡಿದ. ಕಾಕಾ ಅಂದರೆ ಅಪ್ಪನ ತಮ್ಮ, ಹತ್ತಿಯ ವ್ಯಾಪಾರಿ, ಅರಳೆಯ ಗಿರಣಿಯಲ್ಲಿ ಕೂಡುವವನು. ಹಳ್ಳಿ ಹಳ್ಳಿ ತಿರುಗಲು ಅವನಲ್ಲಿ ಒಂದು ಹಳೆಯ ಜೀಪು ಇತ್ತು, ಮತ್ತು ಅದು ಹತ್ತಿಯ ಸುಗ್ಗಿ. "ಯವ್ವಾ, ಸರ್ಕಸ್ ಬರತೈತಲ್ಲ, ಅಲ್ಲೇ ತೋರಸ್ತೇನಿ. ಮುಂದಿನ ಕುರ್ಚಿ ಹಿಡದ ತೋರಸ್ತೇನಿ," ಅಂದ.

"ಸರ್ಕಸ್ಸಿನ್ಯಾಗಿಂದು ಪಗಾರಕ್ಕ ಇರೂ ಹುಲಿ. ಅದನ್ನೇನ ನೋಡೂದು? ನೀ ಗಿರಣ್ಯಾಗ ಕುಂತಂಗ ಅದು ಸ್ಟೂಲಿನ ಮ್ಯಾಲೆ ಕುಂತಿರತೈತಿ," ಅಂದಳು ಆಯಿ.

ಅಲ್ಲಿಗೆ ಆ ಮಾತು ಮುಗಿಯಿತು. ಕಲಘಟಗಿ ದಾಟಿ ಕಾಡು ಹತ್ತಿದ ಮೇಲೆ ಒಂದು ಸಣ್ಣ ಮೀಸಲು ಅರಣ್ಯ ಇತ್ತು. ನಮ್ಮದೇ ಗಾಡಿ ತೆಗೆದುಕೊಂಡು ಹೋದರೆ ಗೇಟಿನಲ್ಲಿ ಒಬ್ಬ ಗಾರ್ಡ್ ಹತ್ತಿಕೊಂಡು ಅರ್ಧ ದಿನ ಒಳಗೆ ತಿರುಗಿಸಿ, ಹನ್ನೆರಡಕ್ಕೆ ಹೊರಗೆ ಬಿಡುತ್ತಿದ್ದ. ಹುಲಿ ಕಾಣುವುದು ಪುಣ್ಯ ಇದ್ದವರಿಗೆ ಎಂದು ಹೋಗಿ ಬಂದವರು ಹೇಳುತ್ತಿದ್ದರು. ನಮ್ಮ ಆಯಿಯ ಪುಣ್ಯದ ಬಗ್ಗೆ ನಮಗೆ ಯಾರಿಗೂ ಸಂಶಯ ಇರಲಿಲ್ಲ, ಆಕೆಗಂತೂ ಮೊದಲೇ ಇರಲಿಲ್ಲ.

ಇಲ್ಲಿ ಆಯಿಯ ಪೂಜೆಯ ವಿಷಯ ಹೇಳಬೇಕು. ಆಯಿ ದಿನಾ ಸ್ನಾನ ಮಾಡಿ, ಹಣೆಗೆ ವಿಭೂತಿ ಬಳಿದುಕೊಂಡು, ಕೊರಳಲ್ಲಿಯ ಕರಡಿಗೆಯಿಂದ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು, ಕಣ್ಣಿನ ಮಟ್ಟಕ್ಕೆ ಹಿಡಿದು ಕೂಡುತ್ತಿದ್ದಳು. ಅದು ಮುಗಿಯುವವರೆಗೆ ಆಕೆ ನೀರು ಸಹ ಮುಟ್ಟುತ್ತಿರಲಿಲ್ಲ. ನಾವು ಯಾರೂ ತುಟಿ ಬಿಚ್ಚುವಂತಿರಲಿಲ್ಲ. ಕೆಮ್ಮು ಬಂದರೆ ಹಿತ್ತಲಿಗೆ ಹೋಗಿ ಕೆಮ್ಮಬೇಕು. ಏಳು ವರ್ಷದವನಿದ್ದಾಗ ನಾನು ಒಮ್ಮೆ ಪೂಜೆಯ ನಡುವೆ "ಹಸಿವಿ" ಅಂದಿದ್ದೆ. ಪೂಜೆ ಮುಗಿಸಿ, ಲಿಂಗವನ್ನು ಕಣ್ಣಿಗೊತ್ತಿಕೊಂಡು, ಕರಡಿಗೆಯಲ್ಲಿಟ್ಟು, ಎಲ್ಲ ಶಾಂತವಾಗಿ ಆದ ಮೇಲೆ ಬಂದು ನನ್ನ ಕಿವಿ ಹಿಂಡಿದಳು. ಆ ಕಿವಿ ಈಗಲೂ ಇನ್ನೊಂದಕ್ಕಿಂತ ತುಸು ಉದ್ದ ಇದೆ ಎಂದು ನನ್ನ ನಂಬಿಕೆ. ಒಂದು ಸಲ ಮಂಗ ಬಂದು ಅಂಗಳದಲ್ಲಿ ಒಣಹಾಕಿದ ಹಪ್ಪಳವನ್ನೆಲ್ಲ ಒಂದೊಂದಾಗಿ ಮುರಿದು ತಿಂದು ಹೋಯಿತು. ಕಾಕಾನ ಹೆಂಡತಿ, ನಮ್ಮ ಚಿಗವ್ವ, ಮೂರು ಮಾರು ದೂರದಲ್ಲಿ ನಿಂತು ಕಣ್ಣೀರು ಹಾಕುತ್ತ ನೋಡಿದಳೇ ಹೊರತು "ಹುಶ್" ಅನ್ನಲಿಲ್ಲ. ಉಳಿದ ಹೊತ್ತಿನಲ್ಲಿ ನಮ್ಮ ಮನೆಯ ಮಾತು ಓಣಿಯ ತುದಿಯವರೆಗೆ ಕೇಳುತ್ತಿತ್ತು.

ಶಿವರಾತ್ರಿಗೆ ಒಂದು ವಾರ ಇರುವಾಗ ನಸುಕಿನಲ್ಲೇ ಹೊರಟೆವು. ಕಾಕಾ ಜೀಪು ನಡೆಸಿದ, ಪಕ್ಕದಲ್ಲಿ ನಾನು. ಹಿಂದೆ ಆಯಿ ಮತ್ತು ಚಿಗವ್ವ, ಅವರ ನಡುವೆ ರೊಟ್ಟಿಯ ಗಂಟು, ಎಣ್ಣೆಗಾಯಿಯ ಡಬ್ಬಿ, ಮೊಸರಿನ ಗಡಿಗೆ. ಆಯಿಯ ಸ್ನಾನ ಮನೆಯಲ್ಲೇ ಆಗಿತ್ತು. ಪೂಜೆ ಮಾತ್ರ ಉಳಿಸಿಕೊಂಡಿದ್ದಳು. "ಕಾಡಿನ್ಯಾಗ ಪತ್ರಿ ತಾಜಾ ಸಿಗತಾವ, ಅಲ್ಲೇ ಮಾಡತೇನಿ. ಶಿವಗೂ ಒಂದ್ ದಿನಾ ಹವಾ ಬದಲಿ ಆಗಲಿ," ಅಂದಳು.

ಗೇಟಿನಲ್ಲಿ ಹತ್ತಿದ ಗಾರ್ಡ್ ಸಾಹೇಬರು ಉದ್ದಕ್ಕೆ, ತೆಳ್ಳಗೆ ಇದ್ದರು. ನೆರೆತ ಗಡ್ಡ, ಖಾಕಿ ಅಂಗಿ, ಟೈರಿನ ಚಪ್ಪಲಿ, ಹೆಗಲಿಗೆ ಒಂದು ಬಂದೂಕು. ಕಾಕಾ ಭಕ್ತಿಯಿಂದ ಬಂದೂಕು ನೋಡಿ, "ಗುಂಡ ಅದಾವೇನ್ರಿ?" ಎಂದು ಕೇಳಿದ.

"ಇಲ್ರಿ. ಗುಂಡ ಕಚೇರ್ಯಾಗ ಅದಾವ್ರಿ," ಅಂದರು ಅವರು. ಆಮೇಲೆ ಹಿಂದೆ ತಿರುಗಿ, ಎಲ್ಲರಿಗೂ ಕೇಳುವಂತೆ ಕೈ ಮುಗಿದು ಹೇಳಿದರು: "ಒಂದ ಮಾತ್ರಿ. ಒಳಗ ಹೋದ ಮ್ಯಾಲೆ ಮಾತಾಡೂಹಂಗಿಲ್ರಿ. ಮಾತಿನ ಸಪ್ಪಳ ಕೇಳಿದ್ರ ಹುಲಿ ಸನೇಕ ಬರೂದಿಲ್ಲ."

"ಹೌದ್ರಿ, ಖರೇ ಐತ್ರಿ, ಯಾಕ ಮಾತಾಡಬೇಕ್ರಿ?" ಅಂದಳು ಚಿಗವ್ವ. "ಮಾತಾಡೂದ ಇದ್ದರ ಮನ್ಯಾಗ ಮಾತಾಡತಿದ್ದಿವಿ. ಇಷ್ಟ ದೂರ ಬಂದ ಮಾತಾಡತೀವೇನ್ರಿ? ನೀವೇನ ಕಾಳಜಿ ಮಾಡಬ್ಯಾಡ್ರಿ."

ಜೀಪು ಕಾಡೊಳಗೆ ಹೋಯಿತು. ಬಿಸಿಲು ಇನ್ನೂ ಮರಗಳ ನೆತ್ತಿಯಲ್ಲೇ ಇತ್ತು, ಕೆಳಗೆಲ್ಲ ಚಳಿ. ಹತ್ತು ನಿಮಿಷ ಯಾರೂ ಮಾತಾಡಲಿಲ್ಲ ಎಂದು ಹೇಳಲು ನನಗೆ ಆಸೆ ಇದೆ, ಆದರೆ ಎರಡು ನಿಮಿಷವೂ ಆಗಿರಲಿಲ್ಲ.

"ನಿಮಗ ಮಕ್ಕಳೆಷ್ಟರಿ?" ಎಂದಳು ಚಿಗವ್ವ ಪಿಸುದನಿಯಲ್ಲಿ. ಆಕೆಯ ಪಿಸುದನಿ ಕಾಕಾನಿಗೆ ಗಿರಣಿಯ ಸಪ್ಪಳದಲ್ಲೂ ಕೇಳುತ್ತಿತ್ತು.

"ಮಾತಾಡಬ್ಯಾಡ್ರಿ ಅಕ್ಕಾರ."

"ಇಲ್ರಿ, ಮಾತಾಡೂದಿಲ್ಲ. ಬರೇ ಎಷ್ಟ ಅಂತ ಹೇಳ್ರಿ, ಸಾಕು."

"ನಾಕು ರಿ."

"ಅಯ್ಯ, ಹೌದ? ದೊಡ್ಡಾಕಿ ಲಗ್ನ ಆತೇನ್ರಿ?"

ಸಾಹೇಬರು ಬೆರಳು ತೋರಿಸಿದರು. ಪೊದೆಯ ಹಿಂದೆ ಒಂದು ಬಿಳಿಯ ಬಾಲ ಮೇಲೆದ್ದು ಮಾಯವಾಯಿತು. ಜಿಂಕೆಯಂತೆ. ಆಯಿ ಆ ಕಡೆ ತಿರುಗುವುದರೊಳಗೆ ಪೊದೆ ಮಾತ್ರ ಇತ್ತು. ಮುಂದೆ ಒಂದು ನವಿಲು, ಅದೂ ಬೆನ್ನು ತೋರಿಸಿಯೇ ಹೋಯಿತು. ಕಾಕಾ ಕಾಡಿನ ಮಣ್ಣು ನೋಡುತ್ತ, ಈ ಗಿಡಗಳನ್ನೆಲ್ಲ ಕಡಿದರೆ ಇಲ್ಲಿ ಎಂಥ ಹತ್ತಿ ಬರಬಹುದು ಎಂದು ನನಗೆ ವಿವರಿಸುತ್ತಿದ್ದ. ಹುಲಿಗಳು ಅದನ್ನು ಕೇಳಿಸಿಕೊಂಡಿದ್ದರೆ ನಮ್ಮ ಬಗ್ಗೆ ಏನು ತಿಳಿದಿರಬಹುದೋ.

ಒಂದು ಕಡೆ ಸಾಹೇಬರು ಜೀಪು ನಿಲ್ಲಿಸಲು ಹೇಳಿದರು. ದಾರಿಯ ಹಸಿ ಉಸುಕಿನಲ್ಲಿ ದೊಡ್ಡ ಹೆಜ್ಜೆ ಮೂಡಿತ್ತು. "ಹುಲೀದ್ರಿ. ಇವತ್ತ ಮುಂಜಾನಿದು," ಅಂದರು. ಚಿಗವ್ವ ಇಳಿದು ಆ ಹೆಜ್ಜೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಕಾಕಾ ಎಷ್ಟು ದೊಡ್ಡದೆಂದು ಅಳೆಯಲು ಅದರ ಪಕ್ಕ ತನ್ನ ಕಾಲು ಇಡಲು ಹೋಗಿ ಅದರ ಮೇಲೆಯೇ ಇಟ್ಟ. ಆಯಿಯನ್ನು ನಾನು ಕೈ ಹಿಡಿದು ಇಳಿಸಿ ಬಗ್ಗಿಸುವಷ್ಟರಲ್ಲಿ ಅಲ್ಲಿ ಉಳಿದಿದ್ದು ಕಾಕಾನ ಚಪ್ಪಲಿಯ ಗುರುತು. ಆಯಿ ಅದನ್ನೇ ಹತ್ತಿರದಿಂದ ನೋಡಿ, "ಉಗುರ ಇಲ್ಲಲ್ಲೋ ಇದಕ್ಕ?" ಅಂದಳು. ಕಾಕಾ ಚಪ್ಪಲಿಯ ಕಾಲನ್ನು ಹಿಂದಕ್ಕೆ ಎಳೆದುಕೊಂಡ.

ಒಂಬತ್ತರ ಸುಮಾರಿಗೆ ಆಯಿ ಪೂಜೆಯ ಹೊತ್ತಾಯಿತು ಎಂದಳು. ಹೊತ್ತು ಯಾವಾಗಲೋ ಮೀರಿತ್ತು, ಹುಲಿಗಾಗಿ ತಡೆದುಕೊಂಡಿದ್ದಳು. ಬಾಯಿ ಒಣಗಿ ದನಿ ಸಣ್ಣಗಾಗಿತ್ತು. ಸಾಹೇಬರು ಇಲ್ಲಿ ಇಳಿದು ಕೂಡಲು ಪರವಾನಗಿ ಇಲ್ಲವೆಂದರು. ಆಯಿ ಕೇಳಿದಳು:

"ನೀವು ನಮಾಜ ಎಲ್ಲಿ ಮಾಡತೀರಿ?"

"ಹಳ್ಳದ ದಂಡಿಗೆ ಒಂದ ಹಾಸಗಲ್ಲ ಐತ್ರಿ ಅಮ್ಮಾರ. ಅಲ್ಲೇ ಮಾಡತೇನಿ."

"ಹಂಗಾರ ಅದನ್ನ ತೋರಸ್ರಿ. ನಿಮಗ ಆದ ಜಾಗಾ ನಮಗೂ ಆಗತೈತಿ."

ಸಾಹೇಬರು ಗಡ್ಡ ತೀಡಿಕೊಂಡು, "ಬರ್ರಿ," ಅಂದರು. ದಾರಿಯಲ್ಲಿ ತಾವೇ ಒಂದು ಬಿಲ್ವದ ಗಿಡ ಹುಡುಕಿ ಪತ್ರಿ ಹರಿದು ಕೊಟ್ಟರು.

ಹಳ್ಳದಲ್ಲಿ ನೀರು ಒಂದೇ ಮಡುವಿನಲ್ಲಿ ಉಳಿದಿತ್ತು. ಈಚೆ ದಂಡೆಗೆ ಸಾಹೇಬರ ಹಾಸುಗಲ್ಲು, ಆಚೆ ದಂಡೆಗೆ ಬಿದಿರಿನ ಮೆಳೆ, ನಡುವೆ ಹೆಚ್ಚೆಂದರೆ ಮೂವತ್ತು ಹೆಜ್ಜೆ. ಆಯಿ ಕಲ್ಲಿನ ಮೇಲೆ ಹಳ್ಳಕ್ಕೆ ಮುಖ ಮಾಡಿ ಕೂತಳು. ತಂಬಿಗೆ ಹಿಡಿದುಕೊಂಡು ನಾನು ಆಕೆಯ ಪಕ್ಕಕ್ಕೆ, ಎರಡು ಮೊಳ ದೂರದಲ್ಲಿ. ಹಿಂದೆ ಕಾಕಾ, ಚಿಗವ್ವ, ಸಾಹೇಬರು. ಆಯಿ ವಿಭೂತಿ ಹಚ್ಚಿಕೊಂಡಳು, ಕರಡಿಗೆ ತೆರೆದಳು, ಲಿಂಗವನ್ನು ಅಂಗೈಗೆ ತಂದು ಪತ್ರಿ ಏರಿಸಿ, ಇದ್ದ ಒಂದು ಕಣ್ಣಿನ ಎದುರಿಗೆ ಹಿಡಿದಳು.

ನಾವು ಸುಮ್ಮನಾದೆವು. ಸಾಹೇಬರು ಎರಡು ತಾಸಿನಿಂದ ಬೇಡಿಕೊಂಡರೂ ಆಗದ್ದು ಆಯಿಯ ಅಂಗೈ ಮೇಲೆದ್ದ ಕೂಡಲೆ ಆಯಿತು. ಸಾಹೇಬರು ಆಶ್ಚರ್ಯದಿಂದ ನಮ್ಮನ್ನೇ ನೋಡುತ್ತಿದ್ದರು. ಚಿಗವ್ವ ಬಳೆ ಸಪ್ಪಳವಾಗಬಾರದೆಂದು ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಮೊದಲು ಹಕ್ಕಿಗಳು ಕೇಳಿಸಿದವು, ಆಮೇಲೆ ಒಣಗಿದ ಎಲೆ ಬೀಳುವುದೂ ಕೇಳಿಸತೊಡಗಿತು. ಹಿಂದಿನಿಂದ ಸಾಹೇಬರ ಕೈ ಬಂದು ನನ್ನ ಹೆಗಲನ್ನು ಒತ್ತಿ ಹಿಡಿಯಿತು.

ಆಚೆ ದಂಡೆಯ ಬಿದಿರಿನಿಂದ ಹುಲಿ ಹೊರಗೆ ಬಂತು.

ಅದು ಯಾವ ಅವಸರವೂ ಇಲ್ಲದೆ ಬಂತು. ಮಠದ ಚರ್ಮದ ಬಣ್ಣ ಇದರ ಮುಂದೆ ತೊಳೆದು ಹಾಕಿದ ಅರಿವೆ. ಹೆಗಲುಗಳು ಚರ್ಮದ ಒಳಗೆ ಒಂದಾದ ಮೇಲೊಂದು ಏರಿ ಇಳಿಯುತ್ತಿದ್ದವು. ಮಡುವಿನ ಅಂಚಿಗೆ ಬಂದು, ಮುಂಗಾಲು ಮಡಿಸಿ, ನೀರಿಗೆ ಬಾಯಿ ಹಚ್ಚಿತು. ಲಪ ಲಪ ಎಂದು ಕುಡಿಯುವ ಸಪ್ಪಳ ಈ ದಂಡೆಗೆ ಕೇಳುತ್ತಿತ್ತು.

ಆಯಿಯ ಕಣ್ಣು ಲಿಂಗದ ಮೇಲೆ ಇತ್ತು. ಲಿಂಗದ ನೇರಕ್ಕೆ, ಅದರ ಹಿಂದೆ, ಹುಲಿ. ಅಂಗೈಯನ್ನು ನಾಲ್ಕು ಬೆರಳು ಕೆಳಗಿಳಿಸಿದ್ದರೆ ಸಾಕಾಗಿತ್ತು. ಮೂವತ್ತು ಹೆಜ್ಜೆಯ ಆಚೆ ಅಷ್ಟು ದೊಡ್ಡ ಜೀವ, ಬಿಸಿಲಿನಲ್ಲಿ, ಆ ಬಣ್ಣ. ಆ ಪೊರೆಯ ಕಣ್ಣಿಗೂ ಅದು ಖಂಡಿತ ಕಂಡಿರುತ್ತಿತ್ತು. ಆಕೆಯ ತುಟಿ ಮಂತ್ರಕ್ಕೆ ಸಣ್ಣಗೆ ಅಲುಗುತ್ತಿತ್ತು. ನಾನು ಕೈ ಚಾಚಿದರೆ ಆಕೆಯ ಮೊಣಕೈ ಸಿಗುತ್ತಿತ್ತು.

ಹುಲಿ ತಲೆಯೆತ್ತಿ ನಮ್ಮನ್ನು ನೋಡಿತು. ಗದ್ದದಿಂದ ನೀರು ತೊಟ್ಟಿಕ್ಕುತ್ತಿತ್ತು. ವಿಶೇಷವಾದದ್ದೇನೂ ಕಾಣಲಿಲ್ಲವೆನ್ನುವಂತೆ ತಿರುಗಿ, ಬಂದ ದಾರಿಯಲ್ಲೇ ಬಿದಿರಿನೊಳಗೆ ಹೋಯಿತು. ಬಿದಿರು ಒಂದೆರಡು ಸಲ ಅಲುಗಿ ನಿಂತಿತು.

ಆಮೇಲೂ ಸ್ವಲ್ಪ ಹೊತ್ತು ಪೂಜೆ ನಡೆಯಿತು. ಆಯಿ ಲಿಂಗವನ್ನು ಕಣ್ಣಿಗೊತ್ತಿ ಕರಡಿಗೆಯಲ್ಲಿಟ್ಟು, ನನ್ನ ಕೈಯ ತಂಬಿಗೆ ಇಸಿದುಕೊಂಡು ಗಟಗಟ ನೀರು ಕುಡಿದಳು. "ಹೂಂ, ಆತು. ಮಾತಾಡ್ರಿ ಇನ್ನ," ಅಂದಳು.

ಯಾರೂ ಮಾತಾಡಲಿಲ್ಲ.

"ಯಾಕ, ಎಲ್ಲಾರ ನಾಲಿಗಿ ಹಳ್ಳದಾಗ ಬಿದ್ದಾವೇನು?"

ಕಾಕಾ ನನ್ನನ್ನು ನೋಡಿದ, ನಾನು ಚಿಗವ್ವನನ್ನು ನೋಡಿದೆ, ಚಿಗವ್ವ ರೊಟ್ಟಿಯ ಗಂಟು ನೋಡಿದಳು. ಕೊನೆಗೆ ಸಾಹೇಬರೇ ಹೇಳಿದರು. "ಹುಲಿ ಬಂದಿತ್ರಿ, ಅಮ್ಮಾರ. ನಿಮ್ಮ ಎದರಿಗೇ ನೀರ ಕುಡದ ಹೋತ್ರಿ."

ಆಯಿ ಮೊದಲು ಹಳ್ಳದ ಕಡೆ ನೋಡಿದಳು. ಆಮೇಲೆ ಒಬ್ಬೊಬ್ಬರನ್ನೇ ಹುಡುಕಿ ನೋಡಿದಳು.

"ಕರೀಬಾರದೇನ್ರೋ ನನ್ನ?"

"ಪೂಜಾದಾಗ ಮಾತಾಡಬಾರದು ಅಂತ ನೀನ…" ಎಂದು ಕಾಕಾ ಶುರು ಮಾಡಿದ.

"ಸುಡ್ಲಿ ನಿನ್ನ ಪೂಜಾ!" ಎಂದು ಆಯಿ ಹಾಸುಗಲ್ಲಿನ ಮೇಲೆ ಎದ್ದು ನಿಂತೇಬಿಟ್ಟಳು. "ಶಿವ ದಿನಾ ಸಿಗತಾನ. ಹುಲಿ ದಿನಾ ಸಿಗತೈತೇನು? ನಾಳೆ ಮುಂಜಾನೆ ಅಂವಾ ಇಲ್ಲೇ ಇರತಿದ್ದ, ನನ್ನ ಕೊಳ್ಳಾಗ! ಅಂವಾ ಎಲ್ಲಿ ಹೊಕ್ಕಾನ?"

ಚಿಗವ್ವ ಎರಡೂ ಕಿವಿಗೆ ಕೈ ಹಚ್ಚಿ ಶಿವ ಶಿವ ಎಂದಳು. ಸಾಹೇಬರು ತಮ್ಮ ದೇವರನ್ನು ನೆನೆದರು. ಆಯಿ ಅಷ್ಟಕ್ಕೆ ಬಿಡಲಿಲ್ಲ. ನಾವು ಕೂತಲ್ಲಿಂದ ಅಲ್ಲಾಡದೆ ಹನ್ನೆರಡರವರೆಗೆ ಆ ಬಿದಿರನ್ನು ಕಾಯಬೇಕಾಯಿತು. ಈ ಸಲ ಪೂಜೆ ಇಲ್ಲದೆಯೂ ಒಬ್ಬರೂ ಉಸಿರೆತ್ತಲಿಲ್ಲ. ಆಯಿ ಒಂದೇ ಕಣ್ಣನ್ನು ಅಗಲಿಸಿ, ನೀರು ಸುರಿದರೂ ಒರೆಸಿಕೊಳ್ಳದೆ ನೋಡಿದಳು. ಒಂದು ಕಾಡುಹಂದಿ ಬಂದು ಹೋಯಿತು. ಅದನ್ನು ತೋರಿಸಿದಾಗ, "ಇದು ನಮ್ಮ ಓಣ್ಯಾಗೂ ಐತಿ," ಅಂದಳು.

ಮರುದಿನದಿಂದ ಮನೆಯ ಕಾಯಿದೆ ಸಡಿಲಾಯಿತು. ಪೂಜೆಯ ನಡುವೆ ಒಲೆಯ ಮೇಲೆ ಹಾಲು ಉಕ್ಕಿದರೆ ಈಗ ಆಯಿಯೇ ಮೊದಲು "ಹಾಲು!" ಎಂದು ಕೂಗುತ್ತಿದ್ದಳು. ಆದರೆ ನಮಗೇ ರೂಢಿ ಬಿಡಲಿಲ್ಲ; ಆಕೆ ಕೂಗಿದ ಮೇಲೂ ಸುಮ್ಮನೆ ನಿಂತಿರುತ್ತಿದ್ದೆವು.

ಶಿವರಾತ್ರಿ ಮುಗಿದು ಆಪರೇಷನ್ ಆಯಿತು. ಆಗೆಲ್ಲ ಕಣ್ಣಿಗೆ ಪಟ್ಟಿ ಕಟ್ಟಿ, ತಲೆ ಅಲುಗಬಾರದೆಂದು ಎರಡೂ ಕಡೆ ಉಸುಕಿನ ಚೀಲ ಇಟ್ಟು ದಿನಗಟ್ಟಲೆ ಅಂಗಾತ ಮಲಗಿಸುತ್ತಿದ್ದರು. ಕಾಲೇಜು ಮುಗಿಸಿ ಮಧ್ಯಾಹ್ನ ನಾನು ಡಬ್ಬಿ ಒಯ್ದು ಆಕೆಗೆ ಗಂಜಿ ಕುಡಿಸುತ್ತಿದ್ದೆ. ಮೂರನೆಯ ದಿನವೋ ನಾಲ್ಕನೆಯ ದಿನವೋ ಆಯಿ ಚಮಚೆಯನ್ನು ಕೈಯಿಂದ ತಡೆದು ಕೇಳಿದಳು.

"ಅವತ್ತ ನೀ ಎಷ್ಟ ದೂರ ಕುಂತಿದ್ದಿ?"

"ಎರಡ ಮೊಳ, ಆಯಿ."

"ಮತ್ತ ಯಾಕ ಮುಟ್ಟಲಿಲ್ಲ ನನ್ನ?"

"ನಿನ್ನ ಪೂಜಾ ಇತ್ತಲ್ಲ…"

"ಕಿವಿ ಹಿಂಡಲೇನು?" ಅಂದಳು. ಪಟ್ಟಿ ಕಟ್ಟಿದ ಆ ಮುಖದ ಎದುರು ನನಗೆ ಸುಳ್ಳು ಹೇಳಲು ಆಗಲಿಲ್ಲ. ಪೂಜೆಗೆ ಹೆದರಿ ನಾನು ಸುಮ್ಮನಿರಲಿಲ್ಲ. ಹುಲಿ ಬಂದ ಕ್ಷಣದಲ್ಲೇ ಆಯಿಯ ನೆನಪು ನನಗಿತ್ತು, ಆಕೆಯ ಮೊಣಕೈಯೂ ಕಾಣುತ್ತಿತ್ತು. ಕೈ ಚಾಚಿದರೆ ಆಕೆ ಏನಾದರೂ ಅಂದು ಹುಲಿ ಓಡಿಹೋದೀತು, ನನಗೆ ಪೂರಾ ನೋಡಲು ಸಿಗಲಿಕ್ಕಿಲ್ಲ ಎಂದು ಅನ್ನಿಸಿತ್ತು.

"ನನಗ ನೋಡಬೇಕಾಗಿತ್ತು, ಆಯಿ," ಅಂದೆ.

ಆಯಿ ಚಮಚೆ ತಡೆದ ಕೈಯನ್ನು ಕೆಳಗಿಳಿಸಿ ಹಾಸಿಗೆಯ ಮೇಲಿಟ್ಟಳು. ಪಕ್ಕದ ಹಾಸಿಗೆಯವರ ರೇಡಿಯೋ ಹಾಡುತ್ತಿತ್ತು.

"ಹಂಗಾರ ನನ್ನ ಪಾಲಿಂದೂ ನೀನ ನೋಡೀದಿ," ಅಂದಳು. "ಹೇಳ ಇನ್ನ. ಬಿಡದಂಗ ಹೇಳು."

ಹೇಳಿದೆ. ಹೆಗಲು ಏರಿ ಇಳಿದದ್ದು, ಗದ್ದದ ನೀರು, ಕುಡಿಯುವ ಸಪ್ಪಳ. ಆಕೆ ಮಲಗಿದಲ್ಲಿಂದಲೇ ವಕೀಲರ ಹಾಗೆ ಕೇಳಿದಳು. ಬಾಲ ಮೇಲಿತ್ತೋ ಕೆಳಗಿತ್ತೋ? ಹೊಟ್ಟೆಯ ಕೆಳಗೆ ಬಿಳಿ ಇತ್ತೋ ಇಲ್ಲವೋ? ಕಿವಿಯ ಹಿಂದೆ ಯಾವ ಬಣ್ಣ? ನನಗೆ ಗೊತ್ತಿರಲಿಲ್ಲ. ಆಕೆಯ ಪಾಲನ್ನೂ ಕಸಿದುಕೊಂಡು ನೋಡಿದವನು ನಾನು, ಬಾಲ ನೋಡಿರಲಿಲ್ಲ. ನನಗೆ ಹುಚ್ಚು ನಾಚಿಕೆಯಾಯಿತು, ಅಳುವೂ ಬಂತು. ಆಯಿ ನಿಟ್ಟುಸಿರು ಬಿಟ್ಟು, "ನೋಡಾಕ ಬರೂದಿಲ್ಲ ನಿನಗ," ಎಂದು ಗಂಜಿಗೆ ಬಾಯಿ ತೆರೆದಳು.

ಪಟ್ಟಿ ಬಿಚ್ಚುವ ದಿನ ನಾವೆಲ್ಲ ಹೋಗಿದ್ದೆವು. ಡಾಕ್ಟರು ದಪ್ಪ ಗಾಜಿನ ಚಷ್ಮಾ ಇಟ್ಟು, ಮುಂದೆ ಕೈ ಹಿಡಿದು, "ಎಷ್ಟ ಬೆರಳು ಅಮ್ಮಾ?" ಎಂದರು.

"ಮೂರು. ಸ್ವಲ್ಪ ಸರೀರಿ," ಎಂದು ಆಯಿ ಡಾಕ್ಟರನ್ನು ಕೈಯಿಂದ ಪಕ್ಕಕ್ಕೆ ಸರಿಸಿದಳು. ಅವರ ಹಿಂದೆ ನಾನು ನಿಂತಿದ್ದೆ. ಹತ್ತಿರ ಕರೆದಳು. ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. ಚಷ್ಮಾದ ಹಿಂದೆ ಆ ಒಂದು ಕಣ್ಣು ಇಷ್ಟು ದೊಡ್ಡದಾಗಿ, ತಿಳಿಯಾಗಿ, ನನ್ನ ಮುಖದ ಮೇಲೆ ಅತ್ತಿತ್ತ ಓಡಾಡಿತು. ಆಮೇಲೆ ಹೆಬ್ಬೆರಳಿನಿಂದ ನನ್ನ ಮೇಲ್ದುಟಿ ಸವರಿದಳು.

"ಮೀಸಿ ಬಂದಾವು," ಅಂದಳು. "ಇದನ್ನೂ ಹೇಳಲಿಲ್ಲ ನೀ."

ಎಲ್ಲರೂ ನಕ್ಕರು. ಕಾಕಾ ಎಲ್ಲರಿಗಿಂತ ಜೋರಾಗಿ ನಕ್ಕ. ನಾನು ತಲೆ ತಗ್ಗಿಸಿ ಡಬ್ಬಿಯ ಮುಚ್ಚಳ ಹಾಕುತ್ತ ನಿಂತೆ.